ಆಯುಧಪೂಜೆಯ ದಿನ ತೊಳೆದ ವಾದ್ಯ

ನನ್ನ ಸೊಸೆ ಮಾರಿಷಸ್‌ನವಳು. ಮಗನ ಮದುವೆಯಾದ ಮೇಲೆ ಮೂರು ವರ್ಷ ಈ ಮಾತನ್ನು ಕಂಡಕಂಡವರಿಗೆಲ್ಲ ಹೇಳಿದೆ, ಹೇಳಿ ಅಲ್ಲಿಗೇ ನಿಲ್ಲಿಸಿದೆ. ಮಿಕ್ಕಿದ್ದನ್ನು ಕೇಳಿದವರೇ ತುಂಬಿಕೊಳ್ಳುತ್ತಿದ್ದರು. ಮಾರಿಷಸ್ ಅಂದರೆ ನಮ್ಮ ಕಡೆಯವರಿಗೆ ಗೊತ್ತಿರುವುದು ಒಂದೇ ಕಥೆ: ಕಬ್ಬಿನ ಗದ್ದೆಗೆ ಕೂಲಿಗಳಾಗಿ ಹೋದ ಬಿಹಾರದ ಜನ, ಅವರು ಕಟ್ಟಿದ ದೇವಸ್ಥಾನ, ಅವರು ಬಿಡದ ಶಿವರಾತ್ರಿ. ಮೈಸೂರಿನಲ್ಲಿರುವ ನನ್ನ ಅಕ್ಕ ಫೋನಿನಲ್ಲಿ, "ಅಂತೂ ನಮ್ಮೋಳೇ ಬಿಡು, ನೈರೋಬಿ ಅಂದ್ಕೂಡ್ಲೆ ನಾನು ಏನೇನೋ ಅಂದ್ಕೊಂಡು ಹೆದರಿದ್ದೆ" ಎಂದಳು. ನಾನು "ಹೂಂ" ಅಂದೆ. ಯಾರೂ ನನ್ನ ಬಾಯಿಂದ ಸುಳ್ಳು ಹೇಳಿಸಲಿಲ್ಲ. ಆ ಹೂಂ ಪೂರ್ತಿ ನನ್ನದೇ.

ಸೊಸೆ ಕ್ರಿಯೋಲ್. ಅವಳ ಹಿರಿಯರನ್ನು ಮಡಗಾಸ್ಕರ್‌ನಿಂದ, ಮೊಜಾಂಬಿಕ್ ಕಡೆಯಿಂದ ಹಿಡಿದು ತಂದು ಆ ದ್ವೀಪದಲ್ಲಿ ಗುಲಾಮರಾಗಿ ದುಡಿಸಿದ್ದರು. ಮದುವೆಯ ದಿನ ಅವಳ ಗುಂಗುರು ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿ, ಒಂದು ಎಳೆಯೂ ಕಾಣದ ಹಾಗೆ ಮೇಲೆ ಮಲ್ಲಿಗೆ ಮುಡಿಸಿದವಳು ನಾನು. ಎಲ್ಲರೂ ಎಷ್ಟು ಪ್ರೀತಿಯ ಅತ್ತೆ ಎಂದರು. ಮೈಸೂರಿಗೆ ಹೋದ ಫೋಟೋಗಳಲ್ಲಿ ಅವಳು ದಕ್ಷಿಣ ಭಾರತದ ಯಾವ ಮನೆಯ ಹುಡುಗಿಯೂ ಆಗಬಹುದಿತ್ತು. ಅವಳು ಇಲ್ಲಿ ನೈರೋಬಿಯ ಲ್ಯಾವಿಂಗ್ಟನ್ನಿನ ಒಂದು ಶಾಲೆಯಲ್ಲಿ ಫ್ರೆಂಚ್ ಕಲಿಸುತ್ತಾಳೆ. ನನ್ನ ಗಂಡ ಇಲ್ಲಿಯ ಔಷಧ ಕಾರ್ಖಾನೆಯಲ್ಲಿ ದುಡಿದು ಇಲ್ಲೇ ತೀರಿಕೊಂಡ ಮೇಲೆ, ಕಿಲಿಮಾನಿಯ ಏಳನೇ ಮಹಡಿಯ ಫ್ಲ್ಯಾಟಿನಲ್ಲಿ ನಾನು, ಮಗ, ಸೊಸೆ ಮೂರೇ ಜನ. ನಾನೂ ಅವಳೂ ಮಾತಾಡುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಅವಳಿಗೆ ಬರುವುದು ಊಟಕ್ಕೆ ಕರೆಯುವ ಮಾತು, ಸಾಕು ಅನ್ನುವ ಮಾತು, ಮತ್ತೆ ಅಮ್ಮ.

ನಮ್ಮ ನಡುಮನೆಯ ಗೋಡೆಗೆ ಅವಳು ಒಂದು ವಾದ್ಯ ತೂಗುಹಾಕಿದ್ದಾಳೆ. ಅದರ ಹೆಸರು ರವಾನ್. ದೊಡ್ಡ ಜರಡಿಯಷ್ಟು ಅಗಲದ ಮರದ ಬಳೆ, ಅದರ ಒಂದು ಮುಖಕ್ಕೆ ಬಿಗಿದ ಮೇಕೆಯ ಚರ್ಮ. ಅವಳ ಅಜ್ಜ ಸ್ವಂತ ಕೈಯಿಂದ ಮಾಡಿಕೊಟ್ಟದ್ದು. ಅದನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಬರಿಗೈಯಲ್ಲಿ ಬಾರಿಸಿ, ಅದರ ಜೊತೆ ಸೆಗಾ ಎಂಬ ಕುಣಿತ ಕುಣಿಯುತ್ತಾರೆ. ಕುಣಿತವೆಂದರೆ ಕಾಲೆತ್ತಿ ಹಾರುವುದಿಲ್ಲ. ಪಾದ ನೆಲ ಸವರಿಕೊಂಡೇ ಸರಿಯಬೇಕು, ಸೊಂಟ ಮಾತ್ರ ತೂಗಬೇಕು. ಒಂದಾನೊಂದು ಕಾಲದಲ್ಲಿ ತೋಟದ ಧಣಿಗಳು ಇದನ್ನು ಕಂಡರೆ ಮೂಗು ಮುರಿಯುತ್ತಿದ್ದರಂತೆ, ಪಾದ್ರಿಗಳು ಪಾಪ ಎನ್ನುತ್ತಿದ್ದರಂತೆ. ಈಗ ಅದೇ ದ್ವೀಪದಲ್ಲಿ ವರ್ಷದ ಕೊನೆಯ ಹೊತ್ತಿಗೆ ಕ್ರಿಯೋಲ್ ಹಬ್ಬ ಮಾಡುತ್ತಾರೆ. ಕಡಲ ದಂಡೆಯಲ್ಲಿ ಬೆಂಕಿ ಹಾಕಿ, ಹತ್ತಾರು ರವಾನ್ ಒಟ್ಟಿಗೆ ಬಾರಿಸುತ್ತಾರೆ. ಆ ದಿನಗಳು ಬಂದರೆ ನನ್ನ ಸೊಸೆ ಮಂಕಾಗುತ್ತಿದ್ದಳು. ಬಾಲ್ಕನಿಯಲ್ಲಿ ಒಂದು ಜಿಕೊ, ಅಂದರೆ ಇಲ್ಲಿಯ ಇದ್ದಲಿನ ಒಲೆ, ಹಚ್ಚಿಕೊಂಡು ರವಾನನ್ನು ಅದರ ಮುಂದೆ ಹಿಡಿದು ಕೂರುತ್ತಿದ್ದಳು. ಚರ್ಮದ ವಾಸನೆ ಹೋಗಲೆಂದು ಹಾಗೆ ಮಾಡುತ್ತಾಳೆ ಎಂದುಕೊಂಡಿದ್ದೆ. ಕೇಳಿದ್ದರೆ ಹೇಳುತ್ತಿದ್ದಳು, ನಾನು ಕೇಳಲಿಲ್ಲ.

ಹೋದ ವರ್ಷ ನಮ್ಮ ಕನ್ನಡ ಸಂಘದ ದಸರಾ ಕಾರ್ಯಕ್ರಮಕ್ಕೆ ಮನೆಗೊಂದು ಐಟಂ ಕೊಡಬೇಕೆಂಬ ಫಾರಂ ಬಂದಾಗ ಅವಳು ನನ್ನನ್ನು ಕೇಳದೆ ತುಂಬಿ ಕಳಿಸಿಬಿಟ್ಟಳು. 'ಕ್ರಿಯೋಲ್ ಸೆಗಾ, ರವಾನ್ ಸಹಿತ.' ಎರಡೇ ದಿನಕ್ಕೆ ಅಧ್ಯಕ್ಷರು ನನಗೆ ಫೋನ್ ಮಾಡಿದರು. ಹದಿನೈದು ವರ್ಷದಿಂದ ಆ ಕಾರ್ಯಕ್ರಮದ ನಿರೂಪಣೆ ನನ್ನದೇ ಆದ್ದರಿಂದ ನನ್ನ ಮೇಲೆ ಅವರಿಗೆ ಸಲಿಗೆ.

"ಮೇಡಂ, ಇದೇನಿದು ಕ್ರಿಯೋಲ್? ನಾನು ಯೂಟ್ಯೂಬಲ್ಲಿ ನೋಡ್ದೆ. ಫ್ಯಾಮಿಲಿ ಆಡಿಯನ್ಸ್‌ಗೆ ಸ್ವಲ್ಪ ಜಾಸ್ತಿ ಆಯ್ತು. ಮಾರಿಷಸ್ ಅಂದ್ಮೇಲೆ ನಮ್ಮೋರೇ ತಾನೆ? ಭೋಜಪುರಿ ಹಾಡೋ ಭಜನೇನೋ ಹಾಡ್ಲಿ, ಚೆನ್ನಾಗಿರತ್ತೆ."

ಆಗಲಾದರೂ ಹೇಳಬಹುದಿತ್ತು. "ಕೇಳ್ತೀನಿ ಸಾರ್" ಎಂದು ಫೋನಿಟ್ಟೆ. ಸೊಸೆಯ ಹತ್ತಿರ ಹೋಗಿ, ಏನೋ ದೊಡ್ಡ ಉಪಕಾರ ಮಾಡುವವಳ ಹಾಗೆ, "ಈ ವರ್ಷ ಬೇರೆ ಏನಾದರೂ ಮಾಡಿದರೆ ಹೇಗೆ?" ಎಂದೆ. ಅವಳು ಮಕ್ಕಳ ಪುಸ್ತಕ ತಿದ್ದುತ್ತಿದ್ದವಳು ತಲೆ ಎತ್ತದೆ, "ನಮ್ಮ ದ್ವೀಪದಲ್ಲೂ ನಿಮ್ಮಂಥ ಹೆಂಗಸರು ಬೇಕಾದಷ್ಟು ಜನ ಇದ್ದಾರೆ ಅಮ್ಮ. ಅವರ ಮುಂದೆಯೂ ನಾವು ನಿಲ್ಲಿಸಲಿಲ್ಲ" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಕೆಳಗೆ, ಹೇಳಿಕೊಳ್ಳಲು ನಾಚಿಕೆ, ಒಂದು ಬಗೆಯ ಮೆಚ್ಚುಗೆಯೂ ಇತ್ತು. ನಾನೂ ಸೊಸೆಯಾಗಿದ್ದಾಗ ಹೀಗೆ ಮಾತಾಡಬೇಕಿತ್ತು ಅನ್ನಿಸಿತು.

ಕಾರ್ಯಕ್ರಮ ಭಾನುವಾರ. ಅದರ ಹಿಂದಿನ ದಿನ ಆಯುಧಪೂಜೆ. ಮಗ ಕೆಲಸದ ಮೇಲೆ ಮೊಂಬಾಸಾಕ್ಕೆ ಹೋಗಿದ್ದ, ಸೊಸೆ ಶಾಲೆಯ ಆಟೋಟದ ದಿನವೆಂದು ಬೆಳಿಗ್ಗೆಯೇ ಹೊರಟಿದ್ದಳು. ನಾನೊಬ್ಬಳೇ ಕೂತು ಮನೆಯ ಸಾಮಾನನ್ನೆಲ್ಲ ಸಾಲಾಗಿ ಜೋಡಿಸಿದೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಹೊಲಿಗೆ ಯಂತ್ರ, ಮಗನ ಅಳತೆಯ ಟೇಪು, ಸೊಸೆಯ ಲ್ಯಾಪ್‌ಟಾಪು, ಈಳಿಗೆಮಣೆ. ಸಾಲಿನ ಕೊನೆಗೆ ಬಂದಾಗ ಗೋಡೆಯ ಮೇಲಿನ ರವಾನ್ ಕಣ್ಣಿಗೆ ಬಿತ್ತು. ಅದೂ ಅವಳ ಸಲಕರಣೆಯೇ ಅಲ್ಲವೇ, ಹಿಂದಿನ ಎರಡು ದಸರೆಯಲ್ಲಿ ನಾನು ಅದನ್ನು ಪೂಜೆಗೆ ಇಟ್ಟಿರಲಿಲ್ಲವಲ್ಲ ಎಂದು ಮನಸ್ಸು ಚುರುಕ್ ಎಂದಿತು. ಈ ಸಲ ಇಡೋಣ, ಅವಳು ಬಂದು ನೋಡಿ ಸಂತೋಷಪಡಲಿ, ನಮ್ಮಿಬ್ಬರ ಮುನಿಸೂ ಮುಗಿಯಲಿ ಎಂದು ಕೆಳಗಿಳಿಸಿದೆ.

ಅರಿಸಿನದ ನೀರಿನಲ್ಲಿ ಬಟ್ಟೆ ಅದ್ದಿ ಚರ್ಮದ ಎರಡೂ ಬದಿ ಒರೆಸಿದೆ. ಮೇಕೆಯ ವಾಸನೆ ಬಂತು, ಇನ್ನೊಮ್ಮೆ ಒರೆಸಿದೆ. ಗಂಧ ತೇದು ನಡುವೆ ಅಂಗೈಯಗಲ ಬಳಿದೆ, ಕುಂಕುಮವಿಟ್ಟೆ, ಹೂ ಏರಿಸಿದೆ. ನನ್ನ ತಂದೆ ಮೈಸೂರಿನಲ್ಲಿ ಮೃದಂಗ ನುಡಿಸುತ್ತಿದ್ದವರು. ಕಛೇರಿಗೆ ಮುಂಚೆ ಮೃದಂಗದ ಎಡಮುಖಕ್ಕೆ ನೀರು ಸವರಿ, ರವೆಯ ಕಣಕ ಮೆತ್ತುವುದನ್ನು ನೋಡುತ್ತಲೇ ಬೆಳೆದವಳು ನಾನು. ಚರ್ಮವಾದ್ಯಕ್ಕೆ ನೀರು ತಾಕಿದರೆ ಕೆಡುಕೆಂದು ನನಗೆ ಹೊಳೆಯುವುದಾದರೂ ಹೇಗೆ? ಬೆಂಕಿಗೆ ಕಾಯಿಸಿ ಬಡಿಯುವ ತಮಟೆ ನಮ್ಮ ಬೀದಿಯ ಕೊನೆಯವರೆಗೆ ಬರುತ್ತಿತ್ತು, ಅದನ್ನು ಬಡಿಯುವವರು ಅಲ್ಲೇ ನಿಂತಿರುತ್ತಿದ್ದರು. ಅವರು ಹುಲ್ಲಿಗೆ ಬೆಂಕಿ ಹಚ್ಚಿ ಏನು ಮಾಡುತ್ತಾರೆಂದು ಹತ್ತಿರ ಹೋಗಿ ನೋಡಲು ನಮ್ಮ ಮನೆಯ ಮಕ್ಕಳನ್ನು ಬಿಡುತ್ತಿರಲಿಲ್ಲ.

ಮಧ್ಯಾಹ್ನ ಸೊಸೆ ಬಂದಳು. ದೇವರ ಮುಂದೆ ರವಾನನ್ನು ಕಂಡು ಮುಖ ಅರಳಿತು. ಓಡಿಬಂದು ಎತ್ತಿಕೊಂಡು ಬೆರಳಿನಿಂದ ತಟ್ಟಿದಳು. ಸದ್ದೇ ಇಲ್ಲ. ಚರ್ಮ ನೆನೆದ ಹಪ್ಪಳದ ಹಾಗೆ ಜೋತುಬಿದ್ದಿತ್ತು. ಇನ್ನೊಮ್ಮೆ ತಟ್ಟಿದಳು, ದಪ್ ಎಂದಿತು. ಅವಳು ನನ್ನ ಕಡೆ ನೋಡಿದ ನೋಟವನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ.

"ನಾಳೆ ನಾನು ಬಾರಿಸಬಾರದು ಅಂತ ಮಾಡಿದಿರಾ?"

"ಪೂಜೆಗೆ ಇಟ್ಟೆ ಕಣೇ! ದೇವರಾಣೆ, ನಿನ್ನ ವಾದ್ಯಕ್ಕೆ ಗೌರವ ಕೊಡಬೇಕು ಅಂತ ಇಟ್ಟೆ." ಸಿಟ್ಟು, ಗಾಬರಿ ಎರಡೂ ಸೇರಿ ನಾನು ಕನ್ನಡದಲ್ಲೇ ಕಿರುಚಿದ್ದೆ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ.

ಅವಳು ಸಾಲನ್ನೆಲ್ಲ ನಿಧಾನವಾಗಿ ನೋಡಿದಳು. ಮಿಕ್ಸಿಗೆ ಒಂದು ಬೊಟ್ಟು, ಹೊಲಿಗೆ ಯಂತ್ರಕ್ಕೆ ಒಂದು ಬೊಟ್ಟು, ಅಷ್ಟೇ. "ಬೇರೆ ಯಾವುದನ್ನೂ ತೊಳೆದಿಲ್ಲವಲ್ಲ ಅಮ್ಮ. ಇದೊಂದನ್ನು ಯಾಕೆ ತೊಳೆದಿರಿ?"

ಲ್ಯಾಪ್‌ಟಾಪಿಗೆ ನೀರು ಹಾಕುತ್ತಾರೆಯೇ ಎಂದು ಬಾಯಿ ಮೇಲೆ ಬಂತು, ನುಂಗಿಕೊಂಡೆ. ಹಾಗಾದರೆ ಈಳಿಗೆಮಣೆ? ಕಬ್ಬಿಣದ ಸಾಮಾನು, ದಿನಾ ತರಕಾರಿ ಮೆತ್ತಿಕೊಳ್ಳುವುದು, ಅದನ್ನೂ ಒಣಬಟ್ಟೆಯಲ್ಲಿ ಒರೆಸಿ ಇಟ್ಟಿದ್ದೆ. ಎರಡೆರಡು ಸಲ ತೊಳೆದದ್ದು ರವಾನನ್ನು ಮಾತ್ರ. ಗೌರವ ಅಂದುಕೊಂಡು ಮಾಡಿದ ಕೆಲಸದ ಒಳಗೆ ಮಡಿ ಕೂತಿತ್ತು. ಅದು ನನ್ನ ಕೈಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಅವಳು ಅಳಲಿಲ್ಲ. ಒಣಬಟ್ಟೆಯಲ್ಲಿ ಗಂಧವನ್ನೆಲ್ಲ ಒರೆಸಿ, ಕೋಣೆಯಲ್ಲಿ ಫ್ಯಾನಿನ ಕೆಳಗೆ ಅದನ್ನು ಮಲಗಿಸಿ ಹೊರಗೆ ಬಂದಳು. "ಚರ್ಮ ಒಣಗಿದರೆ ನಾಳೆ ಬಾರಿಸುತ್ತೇನೆ. ಒಣಗದಿದ್ದರೆ ಬರಿಗೈ ತಟ್ಟಿ ಹಾಡುತ್ತೇನೆ. ನೀವು ನಾನು ಯಾರು ಅಂತ ಅವರಿಗೆ ಹೇಳಿ. ಅದು ನಿಮ್ಮಿಂದ ಆಗದಿದ್ದರೆ ನನ್ನ ಐಟಂ ಬಂದಾಗ ಸ್ಟೇಜ್ ಮೇಲೆ ನಿಲ್ಲಬೇಡಿ" ಎಂದಳು. ಮೂರು ವರ್ಷದಿಂದ ನನ್ನ ಹೂಂ ಅವಳಿಗೆ ಗೊತ್ತಿತ್ತು ಎನ್ನುವುದು ನನಗೆ ಆಗ ತಿಳಿಯಿತು.

ಭಾನುವಾರ ಮೋಡ. ಚರ್ಮ ಒಣಗಿತ್ತು, ಆದರೆ ಬಿಗಿಯಾಗಿರಲಿಲ್ಲ. ಕಾರ್ಯಕ್ರಮವಿದ್ದದ್ದು ಲ್ಯಾವಿಂಗ್ಟನ್ನಿನ ಇನ್ನೊಂದು ಶಾಲೆಯ ಸಭಾಂಗಣದಲ್ಲಿ. ಗೇಟಿನ ಹತ್ತಿರ ಕಾವಲುಗಾರ ಜಿಕೊ ಮೇಲೆ ಜೋಳದ ತೆನೆ ಸುಡುತ್ತಿದ್ದ. ಸೊಸೆ ಹೋಗಿ ಸ್ವಾಹಿಲಿಯಲ್ಲಿ ಕೇಳಿದಳು. ಅವನು "ಸವಾ, ಸವಾ", ಅಂದರೆ ಸರಿ ಸರಿ, ಎಂದು ತೆನೆಗಳನ್ನು ಬದಿಗಿಟ್ಟು ಒಲೆಯನ್ನೇ ಬಿಟ್ಟುಕೊಟ್ಟ. ಅವಳು ಉದ್ದ ಹೂವಿನ ಲಂಗ ಉಟ್ಟು, ಕೂದಲು ಬಿಚ್ಚಿ ಹರಡಿಕೊಂಡು, ಕಾರುಗಳ ನಡುವೆ ಕುಕ್ಕರಗಾಲಲ್ಲಿ ಕೂತು ರವಾನನ್ನು ಕೆಂಡದ ಮುಂದೆ ತಿರುಗಿಸತೊಡಗಿದಳು. ಒಳಗೆ ಹೋಗುತ್ತಿದ್ದ ರೇಷ್ಮೆ ಸೀರೆಗಳೆಲ್ಲ ಒಂದು ಗಳಿಗೆ ನಿಂತು ನೋಡಿ ಮುಂದೆ ಹೋದವು. ಅಧ್ಯಕ್ಷರು ಸರಸರ ಬಂದರು.

"ಮೇಡಂ, ಏನಿದು? ಪ್ರೋಗ್ರಾಮ್‌ನಲ್ಲಿ ನಾನು ಜಾನಪದ ನೃತ್ಯ ಅಂತ ಅಡ್ಜಸ್ಟ್ ಮಾಡಿ ಹಾಕ್ಸಿದೀನಿ. ರೆಕಾರ್ಡೆಡ್ ಹಾಡು ಹಾಕೊಂಡು ಮಾಡ್ಲಿ. ಸ್ಟೇಜ್ ಮೇಲೆ ದೇವಿ ಫೋಟೋ ಇದೆ, ದೀಪ ಹಚ್ಚಿದೀವಿ. ಈ ಚರ್ಮದ್ದೆಲ್ಲ ಬೇಡ."

ಹಿಂದಿನ ದಿನ ಅದೇ ಚರ್ಮವನ್ನು ಎರಡು ಸಲ ತೊಳೆದವಳು ನಾನು. ಅವರ ಬಾಯಲ್ಲಿ ನನ್ನ ಮಾತೇ ಕೇಳಿ ಮೈ ಉರಿಯಿತು.

"ಮೃದಂಗ ಏನ್ ಸಾರ್, ಪ್ಲಾಸ್ಟಿಕ್ಕಾ? ಈಗ ಒಳಗಡೆ ಭರತನಾಟ್ಯಕ್ಕೆ ಶ್ರುತಿ ಮಾಡ್ತಿದಾರಲ್ಲ, ಅದೂ ಮೇಕೆ ಚರ್ಮನೇ. ಅದರ ಜೊತೆಗೆ ಹಸುವಿಂದೂ ಇರತ್ತೆ. ನಮ್ಮಪ್ಪ ನಲವತ್ತು ವರ್ಷ ನುಡಿಸಿದಾರೆ, ನಂಗೆ ಗೊತ್ತು."

"ಅದು ಬೇರೆ, ಇದು ಬೇರೆ ಮೇಡಂ."

"ಏನ್ ಬೇರೆ? ಬಾಯ್ಬಿಟ್ಟು ಹೇಳಿ ಸಾರ್, ನಾನೂ ಕೇಳ್ಕೋತೀನಿ."

ಅವರು ಒಳಗಿನ ವೇದಿಕೆಯ ಕಡೆ ನೋಡಿದರು. ಹೇಳಿದರೆ ತಮ್ಮ ಕಿವಿಗೇ ಅದು ಹಿತವಾಗಿರುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಅಷ್ಟರಲ್ಲಿ ಕಾರಿನಿಂದ ಇಳಿದ ಒಬ್ಬ ಇಂಜಿನಿಯರ್ ಸೊಸೆಯ ಪಕ್ಕ ಬಂದು ಬಗ್ಗಿ ನಿಂತರು. ಕಸರಾನಿಯಲ್ಲಿ ಮನೆ, ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಕೆಲಸ, ಮಂಡ್ಯದ ಕಡೆಯವರು, ಹನ್ನೆರಡು ವರ್ಷದಿಂದ ಸಂಘದ ಸದಸ್ಯರು. ಯಾವ ವರ್ಷವೂ ಐಟಂ ಕೊಟ್ಟವರಲ್ಲ, ಕುರ್ಚಿ ಜೋಡಿಸಿ ಹಿಂದಿನ ಸಾಲಿನಲ್ಲಿ ಕೂರುವವರು. ಅವರು ಕೋಟು ಬಿಚ್ಚಿ ಕಾರಿನ ಮೇಲೆ ಹಾಕಿ, ಚರ್ಮದ ಮೇಲೆ ಬೆರಳಾಡಿಸಿದರು. "ನಡುಮಧ್ಯ ಬೇಡ, ಅಂಚಿಗೆ ಶಾಖ ಕೊಡಿ" ಎಂದು ಸೊಸೆಗೆ ಇಂಗ್ಲಿಷಿನಲ್ಲಿ ಹೇಳಿ, ಅವಳು ತಿರುಗಿಸುತ್ತಿದ್ದಂತೆ ಕಿವಿಗೊಟ್ಟು ತಟ್ಟಿದರು. "ಇನ್ನೂ ಬರ್ಬೇಕು. ಇನ್ನೊಂದ್ ಸ್ವಲ್ಪ."

"ನಿಮಗೆ ಹೇಗ್ರೀ ಇದೆಲ್ಲ ಗೊತ್ತು?" ಎಂದರು ಅಧ್ಯಕ್ಷರು.

ಇಂಜಿನಿಯರ್ ತಲೆ ಎತ್ತಲಿಲ್ಲ. "ನಮ್ಮಪ್ಪ ತಮಟೆ ಬಡೀತಿದ್ರು ಸಾರ್." ಚರ್ಮವನ್ನು ಇನ್ನೊಮ್ಮೆ ತಟ್ಟಿ, "ನಾನೂ ಬಡ್ದಿದೀನಿ" ಎಂದರು.

ಹನ್ನೆರಡು ವರ್ಷ ಅವರೂ ಒಂದು ಹೂಂ ಇಟ್ಟುಕೊಂಡು ಬದುಕಿದ್ದರು. ಆದರೆ ಅವರದು ಹೊಟ್ಟೆಪಾಡಿನ, ಮಾನದ ಹೂಂ, ನನ್ನದು ಬರೀ ಜಂಬದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವಷ್ಟು ಮೂರ್ಖಳು ನಾನಲ್ಲ. ಅಧ್ಯಕ್ಷರು ಗಡಿಯಾರ ನೋಡಿಕೊಂಡು ಒಳಗೆ ಹೋದರು. ಕೆಂಡದ ಮುಂದೆ ಚರ್ಮ ನಿಧಾನವಾಗಿ ಬಿಗಿಯಾಗುತ್ತ ಬಂದು, ಕಡೆಗೊಮ್ಮೆ ಸೊಸೆ ತಟ್ಟಿದಾಗ ಕಾವಲುಗಾರ ತಿರುಗಿ ನೋಡುವಷ್ಟು ಜೋರಾಗಿ ಮೊಳಗಿತು. ಅವಳು ಅಂದು ಮೊದಲ ಬಾರಿಗೆ ನಕ್ಕಳು. ನನ್ನ ಕಡೆ ನೋಡಿ ಅಲ್ಲ, ಇಂಜಿನಿಯರ ಕಡೆ ನೋಡಿ.

"ನೀವೇ ಬಾರಿಸಿದರೆ ನಾನು ಪೂರ್ತಿ ಕುಣಿಯಬಹುದು" ಎಂದಳು. ಅವರು ಬೇಡ ಬೇಡ ಎಂದರು. ಅವಳು ವಾದ್ಯವನ್ನು ಅವರ ಕೈಗೆ ಕೊಟ್ಟು ತನ್ನ ತೊಡೆ ತಟ್ಟಿ ತಾಳ ತೋರಿಸಿದಳು. ಅವರ ಕೈ ಕೋಲಿಗಾಗಿ ಹುಡುಕಿ, ಆಮೇಲೆ ಬರಿಗೈಗೆ ಒಪ್ಪಿಕೊಂಡಿತು.

ನಾನು ಒಳಗೆ ಹೋಗಿ ಮೈಕ್ ಹಿಡಿದೆ. ನಾಲ್ಕನೆಯ ಐಟಮ್ಮಿಗೆ ನನ್ನ ಕೈಗೆ ಬಂದ ಚೀಟಿಯಲ್ಲಿ, 'ಮಾರಿಷಸ್‌ನ ನಮ್ಮ ಭಾರತೀಯ ಸೋದರಿಯಿಂದ ಜಾನಪದ ನೃತ್ಯ' ಎಂದಿತ್ತು. ಹದಿನೈದು ವರ್ಷದಲ್ಲಿ ಚೀಟಿಯಲ್ಲಿರುವುದನ್ನು ಬಿಟ್ಟು ಒಂದು ಅಕ್ಷರ ನಾನು ಹೆಚ್ಚಿಗೆ ಹೇಳಿದವಳಲ್ಲ. ಮುಂದಿನ ಸಾಲಿನಲ್ಲಿ ನನ್ನ ಮನೆಗೆ ಬಂದು ಊಟ ಮಾಡಿದವರು, ನನ್ನ ಗಂಡ ಹೋದಾಗ ಹದಿಮೂರು ದಿನವೂ ಅಡುಗೆ ತಂದವರು ಕೂತಿದ್ದರು. ಪರಕೀಯರಾಗಿದ್ದರೆ ಸುಲಭವಾಗುತ್ತಿತ್ತು.

"ಚೀಟಿಯಲ್ಲಿ ಬರೆದಿರುವುದು ತಪ್ಪು" ಎಂದೆ. "ಈಗ ಬರುತ್ತಿರುವವಳು ಭಾರತೀಯಳಲ್ಲ. ಅವಳು ನನ್ನ ಸೊಸೆ, ಮಾರಿಷಸ್‌ನ ಕ್ರಿಯೋಲ್. ಅವಳ ಹಿರಿಯರನ್ನು ಆಫ್ರಿಕಾದಿಂದ ಸರಪಳಿ ಹಾಕಿ ತಂದು ಗುಲಾಮರನ್ನಾಗಿ ಮಾಡಿದ್ದರು. ಇದು ಅವರು ಕಟ್ಟಿದ ಕುಣಿತ, ಇದರ ಹೆಸರು ಸೆಗಾ. ನೀವು ತಪ್ಪು ತಿಳಿದಿದ್ದರೆ ಅದು ನಿಮ್ಮ ತಪ್ಪಲ್ಲ, ಮೂರು ವರ್ಷ ನಾನೇ ಹಾಗೆ ತಿಳಿಯಗೊಟ್ಟೆ. ಇಷ್ಟವಿಲ್ಲದವರು ಹೊರಗೆ ಹೋಗಿ ಕಾಫಿ ಕುಡಿಯಬಹುದು, ಕಾಫಿ ಚೆನ್ನಾಗಿದೆ."

ನಾಲ್ಕೈದು ಜನ ನಿಜಕ್ಕೂ ಎದ್ದು ಹೋದರು. ಹೋಗಲಿ ಬಿಡಿ. ಇಂಜಿನಿಯರ್ ದೇವಿಯ ಫೋಟೋದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ರವಾನನ್ನು ತೊಡೆಯ ಮೇಲೆ ನಿಲ್ಲಿಸಿದರು. ಎರಡು ಕಡೆ ತಾಳ ತಪ್ಪಿತು, ಮೂರನೆಯ ಸಲ ಹಿಡಿದುಕೊಂಡರು. ಸೊಸೆ ತನ್ನ ಭಾಷೆಯಲ್ಲಿ ಹಾಡುತ್ತ, ಲಂಗದ ತುದಿ ಎರಡೂ ಕೈಯಲ್ಲಿ ಹಿಡಿದು, ಪಾದ ಎತ್ತದೆ ಇಡೀ ವೇದಿಕೆ ಸುತ್ತಿದಳು. ಅವಳ ಸೊಂಟ ತೂಗುವುದನ್ನು ನೋಡಿ ಯಾರೋ ಕಿಸಕ್ಕೆಂದರು. ಅವಳು ಅತ್ತ ಕಡೆಗೇ ಹೋಗಿ, ಅವರ ಎದುರೇ ಬಗ್ಗಿ, ಮತ್ತಷ್ಟು ತೂಗಿದಳು. ಹಿಂದಿನ ಸಾಲಿನ ಹುಡುಗಿಯರೆಲ್ಲ ಎದ್ದು ನಿಂತರು. ಇಂಜಿನಿಯರ ಹೆಂಡತಿ ಮೊದಲು ಬಾಯಿಗೆ ಕೈ ಅಡ್ಡ ಹಿಡಿದಿದ್ದವರು, ಆಮೇಲೆ ಆ ಕೈಯನ್ನೇ ತೆಗೆದು ಚಪ್ಪಾಳೆ ಹೊಡೆದರು. ನನಗೆ ಕಣ್ಣು ತುಂಬಿ ಬಂತು. ದುಃಖಕ್ಕಲ್ಲ, ಇಷ್ಟು ಒಳ್ಳೆಯದನ್ನು ಮಲ್ಲಿಗೆಯ ಕೆಳಗೆ ಮುಚ್ಚಿಟ್ಟಿದ್ದೆನಲ್ಲ ಎಂಬ ಸಿಟ್ಟಿಗೆ.

ಮುಗಿದ ಮೇಲೆ ಅಧ್ಯಕ್ಷರು ವೇದಿಕೆಯ ಹಿಂದೆ ಸಿಕ್ಕು, "ಮುಂದಿನ ವರ್ಷ ನಿರೂಪಣೆಗೆ ಯಂಗ್‌ಸ್ಟರ್ಸ್‌ಗೆ ಚಾನ್ಸ್ ಕೊಡೋಣ ಅಂತ ಕಮಿಟಿಲಿ ಮಾತಾಡ್ತಿದೀವಿ ಮೇಡಂ" ಎಂದರು. "ಧಾರಾಳವಾಗಿ ಕೊಡಿ ಸಾರ್" ಎಂದೆ. ಹದಿನೈದು ವರ್ಷದ ಕೆಲಸ ಹೋಯಿತೆಂದು ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು. ಆದರೂ ಮೈಕನ್ನು ಅವರ ಕೈಗೇ ಕೊಟ್ಟು ಹೊರಗೆ ಬಂದೆ.

ಸೊಸೆ ಕಾರಿಗೆ ಒರಗಿ ಬೆವರು ಒರೆಸಿಕೊಳ್ಳುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಇಂಜಿನಿಯರ್ ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದ್ದರು. ಈಗ ಅಪ್ಪಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಹಾಗೇನೂ ಮಾಡಲಿಲ್ಲ.

"ಇಲ್ಲಿ ಹೇಳಿದಿರಿ. ಮೈಸೂರಿಗೆ?" ಎಂದಳು.

ಅಲ್ಲೇ, ಕಾರುಗಳ ನಡುವೆ ನಿಂತು ಅಕ್ಕನಿಗೆ ಫೋನ್ ಮಾಡಿದೆ. ಹಬ್ಬದ ಊಟ, ಮಂಡಿನೋವು ಎಲ್ಲ ಅವಳು ಶುರು ಮಾಡುವ ಮುಂಚೆಯೇ ತಡೆದು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸೊಸೆ ಕೈಕಟ್ಟಿ ನನ್ನ ಎದುರಿಗೇ ನಿಂತಿದ್ದಳು.

"ಅಲ್ಲ ಕಣೇ, ಮೂರು ವರ್ಷ ಆಗಿತ್ತು. ಯಾರಿಗೂ ಏನೂ ಗೊತ್ತಿರ್ಲಿಲ್ಲ, ತಣ್ಣಗಿತ್ತು. ಈಗ್ಯಾಕೆ ಹೇಳ್ದೆ?" ಎಂದಳು ಅಕ್ಕ.

"ಅವಳಿಗೆ ಗೊತ್ತಿತ್ತು ಅಕ್ಕ."